ಬಸ್ ಡ್ರೈವರ್ ಕಣ್ಣಲ್ಲಿ ಅಪಘಾತದ ಅಪಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್ ಅಪಘಾತ ಆದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ: "ಡ್ರೈವರ್ ಅಜಾಗರೂಕತೆ." ಅಲ್ಲಿಗೆ ಮಾತು ಮುಗಿಯಿತು. ಆ ಹೊತ್ತಿನಲ್ಲಿ ಡ್ರೈವರ್‌ಗೆ ಅಪಾಯ ಕಂಡಿತ್ತಾ? ಕಂಡಿದ್ದರೆ ಎಷ್ಟು ದೊಡ್ಡದಾಗಿ ಕಂಡಿತ್ತು? ಕಂಡರೂ ಯಾಕೆ ಬ್ರೇಕ್ ಮೇಲೆ ಕಾಲು ಹೋಗಲಿಲ್ಲ? ಇದನ್ನು ಕೇಳುವವರು ಕಡಿಮೆ. ಬಸ್ ಓಡಿಸುವವರು, ಅವರನ್ನು ಡ್ಯೂಟಿಗೆ ಕಳಿಸುವವರು, ಬಸ್ಸಿನಲ್ಲಿ ಕೂರುವವರು, ಮೂವರೂ ಓದಲಿ ಅಂತ ಈ ಪುಟ ಬರೆದಿದ್ದೇನೆ.

ದಿನವೂ ರಸ್ತೆಯಲ್ಲೇ ಇರುವ ಬಸ್ ಡ್ರೈವರ್‌ಗೆ ಅಪಾಯದ ಅರಿವು ಉಳಿದವರಿಗಿಂತ ಜಾಸ್ತಿ ಇರಬೇಕಲ್ವಾ?

ಇರುತ್ತದೆ. ಆದರೆ ನಾವು ಅಂದುಕೊಂಡ ಹಾಗಲ್ಲ.

ಅಪಘಾತ ಅಂದರೆ ಅಪರೂಪದ ಘಟನೆ. ಒಬ್ಬ ಡ್ರೈವರ್ ಅವಸರದಲ್ಲಿ ತಿರುವಿನಲ್ಲಿ ಓವರ್‌ಟೇಕ್ ಮಾಡುತ್ತಾರೆ, ಏನೂ ಆಗುವುದಿಲ್ಲ. ಮರುದಿನವೂ ಮಾಡುತ್ತಾರೆ, ಆಗಲೂ ಏನೂ ಆಗುವುದಿಲ್ಲ. ಮುಂದಿನ ಗಾಡಿಗೆ ಅಂಟಿಕೊಂಡೇ ಓಡಿಸುತ್ತಾರೆ, ಆ ಗಾಡಿ ಗಕ್ಕನೆ ನಿಲ್ಲುವುದೇ ಇಲ್ಲ. ಹೀಗೆ ಸುರಕ್ಷಿತವಾಗಿ ಮನೆಗೆ ಬಂದ ಪ್ರತಿ ದಿನವೂ ಒಂದು ತಪ್ಪು ಪಾಠ ಕಲಿಸುತ್ತದೆ: ಇದರಲ್ಲಿ ಅಂಥ ಅಪಾಯ ಏನಿಲ್ಲ ಅಂತ. ಕೆಲವು ಸಲ ಅವರನ್ನು ಉಳಿಸಿದ್ದು ಎದುರಿನವರ ಬ್ರೇಕ್ ಅಥವಾ ಆ ಕ್ಷಣಕ್ಕೆ ಖಾಲಿ ಇದ್ದ ರಸ್ತೆ. ಅದು ಅವರ ಲೆಕ್ಕಕ್ಕೆ ಬರುವುದಿಲ್ಲ. ತನ್ನ ಕೈಚಳಕದಿಂದಲೇ ತಪ್ಪಿತು ಅಂತ ಮನಸ್ಸು ಬರೆದಿಟ್ಟುಕೊಳ್ಳುತ್ತದೆ.

ಅಪಾಯದ ಅಂದಾಜು ಕೆಡುವುದು ಹೆಚ್ಚಾಗಿ ಅಪಘಾತದ ದಿನವಲ್ಲ, ಏನೂ ಆಗದ ದಿನಗಳಲ್ಲಿ. ಕೆಳಗಿನ ಬಹಳಷ್ಟು ಉತ್ತರಗಳು ಈ ಒಂದು ಮಾತಿಗೇ ಬಂದು ಸೇರುತ್ತವೆ.

ಹಾಗಾದರೆ ಅನುಭವಕ್ಕೆ ಬೆಲೆ ಇಲ್ವಾ?

ಖಂಡಿತ ಇದೆ. ಹೊಸಬರು ಗಾಡಿಯ ಮುಂದಿನ ಸ್ವಲ್ಪ ಜಾಗವನ್ನೇ ನೋಡುತ್ತಾ ಓಡಿಸುತ್ತಾರೆ, ಪಳಗಿದವರ ಕಣ್ಣು ದೂರಕ್ಕೂ ಅಕ್ಕಪಕ್ಕಕ್ಕೂ ಓಡಾಡುತ್ತದೆ. ಅಮೆರಿಕದಲ್ಲಿ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು ಡ್ರೈವರ್‌ಗಳ ಕಣ್ಣಿನ ಚಲನೆ ಅಳೆದು 1972ರಲ್ಲೇ ಇದನ್ನು ತೋರಿಸಿದ್ದರು. ಪಾರ್ಕ್ ಮಾಡಿದ ಕಾರಿನ ಸಾಲಿನಲ್ಲಿ ಒಂದು ಕಾರಿನ ಸೀಟಿನಲ್ಲಿ ತಲೆ ಕಂಡರೆ ಬಾಗಿಲು ತೆರೆಯಬಹುದು ಅಂತ ಹಳೆಯ ಡ್ರೈವರ್‌ಗೆ ಗೊತ್ತು. ರಸ್ತೆಗೆ ಚೆಂಡು ಉರುಳಿ ಬಂದರೆ ಹಿಂದೆಯೇ ಮಗು ಬರುತ್ತದೆ ಅಂತ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.

ಆದರೆ ಎರಡು ಬೇರೆ ವಿಷಯಗಳನ್ನು ನಾವು ಒಂದೇ ಅಂದುಕೊಳ್ಳುತ್ತೇವೆ. ಅಪಾಯವನ್ನು ಗುರುತಿಸುವುದು ಒಂದು. ಗುರುತಿಸಿದ ಮೇಲೆ ಅದಕ್ಕೆ ಎಷ್ಟು ತೂಕ ಕೊಡುತ್ತೇವೆ ಅನ್ನುವುದು ಇನ್ನೊಂದು. ಅನುಭವ ಮೊದಲನೆಯದನ್ನು ಚುರುಕು ಮಾಡುತ್ತದೆ, ಎರಡನೆಯದನ್ನು ಮೊಂಡು ಮಾಡಬಹುದು. ಒಂದೇ ರೂಟಿನಲ್ಲಿ ವರ್ಷಗಟ್ಟಲೆ ಓಡಿಸಿದವರಿಗೆ ಇದು ಇನ್ನೂ ನಿಜ. ಪ್ರತಿ ಹಂಪ್, ಪ್ರತಿ ಗುಂಡಿ ಬಾಯಿಪಾಠ ಆಗಿರುತ್ತದೆ. ಆಗ ಕಣ್ಣು ನೋಡುವುದು ಇವತ್ತಿನ ರಸ್ತೆಯನ್ನಲ್ಲ, ನೆನಪಿನಲ್ಲಿರುವ ರಸ್ತೆಯನ್ನು.

ಪ್ರತಿ ಡ್ರೈವರೂ ತಾನೇ ಚೆನ್ನಾಗಿ ಓಡಿಸುತ್ತೇನೆ ಅನ್ನುವುದು ಯಾಕೆ?

ಇದು ಬಸ್ ಡ್ರೈವರ್‌ಗಳ ಸ್ವಭಾವ ಅಷ್ಟೇ ಅಲ್ಲ, ಸ್ಟೇರಿಂಗ್ ಹಿಡಿದ ಎಲ್ಲರದ್ದೂ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಓಲಾ ಸ್ವೆನ್ಸನ್ 1981ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗುಂಪಿನ ಉಳಿದವರಿಗೆ ಹೋಲಿಸಿದರೆ ನೀವು ಎಷ್ಟು ಚೆನ್ನಾಗಿ ಓಡಿಸುತ್ತೀರಿ ಅಂತ ಕೇಳಿದಾಗ, ಅಮೆರಿಕದ ವಿದ್ಯಾರ್ಥಿಗಳಲ್ಲಿ 93% ಮಂದಿ ತಾವು ಮೇಲಿನ ಅರ್ಧದಲ್ಲಿದ್ದೇವೆ ಅಂದರು. ಸ್ವೀಡನ್ನಿನವರಲ್ಲಿ 69%. ಒಂದು ಗುಂಪಿನಲ್ಲಿ ಮೇಲಿನ ಅರ್ಧದಲ್ಲಿ ಅರ್ಧ ಜನ ಮಾತ್ರ ಇರಲು ಸಾಧ್ಯ ಅಲ್ವಾ?

ಬಸ್ ಡ್ರೈವರ್ ವಿಷಯದಲ್ಲಿ ಈ ನಂಬಿಕೆಗೆ ಒಂದು ಆಧಾರವೂ ಇದೆ. ತರಬೇತಿ ಆಗಿದೆ, ಬೇರೆ ಲೈಸೆನ್ಸ್ ಇದೆ, ಓಡಿಸಿದ ಕಿಲೋಮೀಟರ್ ಜಾಸ್ತಿ. ಹಾಗಾಗಿ ಅದನ್ನು ಸುಮ್ನೆ ಜಂಬ ಅನ್ನುವುದು ತಪ್ಪು. ತೊಂದರೆ ಇರುವುದು ಬೇರೆ ಕಡೆ. "ನಾನು ಚೆನ್ನಾಗಿ ಓಡಿಸುತ್ತೇನೆ" ಅನ್ನುವುದು ಗೊತ್ತಾಗದ ಹಾಗೆ "ನನಗೆ ಅಪಘಾತ ಆಗುವುದಿಲ್ಲ" ಅಂತ ಬದಲಾಗುತ್ತದೆ. ಸುರಕ್ಷತೆಯ ತರಗತಿಯಲ್ಲಿ ಹೇಳಿದ್ದನ್ನೆಲ್ಲ ಪಕ್ಕದಲ್ಲಿ ಕೂತವನಿಗೆ ಹೇಳಿದ್ದು ಅಂತ ಕೇಳಿಸಿಕೊಳ್ಳುವುದು ಈ ಕಾರಣಕ್ಕೇ.

ಬಸ್ಸಿನಲ್ಲಿ ಕೂತ ನಮಗೆ ಎದೆ ಡವಡವ, ಡ್ರೈವರ್ ಮಾತ್ರ ಆರಾಮ. ಯಾರ ಅಂದಾಜು ಸರಿ?

ಎರಡೂ ಪೂರ್ತಿ ಸರಿ ಅಲ್ಲ. ನಿಯಂತ್ರಣ ತನ್ನ ಕೈಯಲ್ಲಿದ್ದಾಗ ಅಪಾಯ ಚಿಕ್ಕದಾಗಿ ಕಾಣುತ್ತದೆ, ಬೇರೆಯವರ ಕೈಯಲ್ಲಿದ್ದಾಗ ದೊಡ್ಡದಾಗಿ ಕಾಣುತ್ತದೆ. ಚಾನ್ಸಿ ಸ್ಟಾರ್ ಎಂಬ ಅಮೆರಿಕದ ಎಂಜಿನಿಯರ್ 1969ರಲ್ಲೇ ಇಂಥದ್ದೊಂದು ಲೆಕ್ಕ ಮುಂದಿಟ್ಟಿದ್ದರು: ತಾವಾಗಿ ಆರಿಸಿಕೊಂಡ ಅಪಾಯವನ್ನು ಜನ, ತಮ್ಮ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು 1000 ಪಟ್ಟು ಹೆಚ್ಚಿದ್ದರೂ ಒಪ್ಪಿಕೊಳ್ಳುತ್ತಾರೆ ಅಂತ. ಆ ಅಂಕಿಯ ಬಗ್ಗೆ ಆಮೇಲೆ ವಾದ ನಡೆದಿದೆ, ಆದರೆ ಸ್ಟೇರಿಂಗ್ ಹಿಂದೆ ಕೂತಾಗಿನ ಧೈರ್ಯ ಎಲ್ಲರಿಗೂ ಗೊತ್ತಿರುವುದೇ.

ಪ್ರಯಾಣಿಕರ ಭಯದಲ್ಲಿ ಒಂದು ಉಪಯೋಗದ ಮಾಹಿತಿ ಇರುತ್ತದೆ. ಬ್ರೇಕ್ ಹಾಕಿದಾಗೆಲ್ಲ ನಿಂತವರು ಮುಂದಕ್ಕೆ ಮುಗ್ಗರಿಸುತ್ತಿದ್ದರೆ, ಡ್ರೈವರ್ ಅಪಾಯವನ್ನು ತಡವಾಗಿ ನೋಡುತ್ತಿದ್ದಾರೆ ಎಂದರ್ಥ. ಬೇಗ ನೋಡುವವರ ಬ್ರೇಕ್ ಮೆತ್ತಗಿರುತ್ತದೆ. ಡಿಕ್ಕಿಯೇ ಆಗದೆ ಬಸ್ಸಿನೊಳಗೆ ಬಿದ್ದು ಸೊಂಟ, ಕೈ ಮುರಿದುಕೊಳ್ಳುವ ವಯಸ್ಸಾದವರು ಬಹಳ ಇದ್ದಾರೆ. ಡ್ರೈವರ್ ಮನಸ್ಸಿನ ಅಪಘಾತದ ಚಿತ್ರದಲ್ಲಿ ಇವರು ಸಾಮಾನ್ಯವಾಗಿ ಇರುವುದೇ ಇಲ್ಲ.

ಎತ್ತರದ ಸೀಟು, ದೊಡ್ಡ ಗಾಡಿ. ಇದರಿಂದ ಅಂದಾಜು ಬದಲಾಗುತ್ತಾ?

ಬದಲಾಗುತ್ತದೆ. ಕಣ್ಣು ನೆಲದಿಂದ ಮೇಲಿದ್ದಷ್ಟೂ ರಸ್ತೆ ನಿಧಾನಕ್ಕೆ ಸರಿದಂತೆ ಕಾಣುತ್ತದೆ. ಅದೇ 60 ಕಿ.ಮೀ. ವೇಗ ಕಾರಿನಲ್ಲಿ ಜೋರು ಅನ್ನಿಸಿದರೆ ಬಸ್ಸಿನಲ್ಲಿ ಸಾಧಾರಣ ಅನ್ನಿಸುತ್ತದೆ. ಸುತ್ತ ಇರುವ ಕಬ್ಬಿಣ ಕೂಡ ಒಂದು ಧೈರ್ಯ ಕೊಡುತ್ತದೆ. ಚಿಕ್ಕ ಗಾಡಿಯವರು ತಾವೇ ಜಾಗ ಬಿಡುತ್ತಾರೆ ಅನ್ನುವ ಎಣಿಕೆಯೂ ಸೇರಿಕೊಳ್ಳುತ್ತದೆ.

ಲೆಕ್ಕ ಮಾತ್ರ ಬೇರೆಯೇ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಸ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಒತ್ತುವ ಮೊದಲೇ 25 ಮೀಟರ್ ಕಳೆದಿರುತ್ತದೆ. ಏರ್ ಬ್ರೇಕ್ ಇದ್ದರೆ ಗಾಳಿಯ ಒತ್ತಡ ಚಕ್ರಕ್ಕೆ ತಲುಪಲು ಇನ್ನೂ ಒಂದಿಷ್ಟು ಹೊತ್ತು ಬೇಕು. ವೇಗ 60ರಿಂದ 80ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಸ್ತಿಯಾಗುತ್ತದೆ, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸರಾಸರಿ ವೇಗ 1% ಏರಿದರೆ ಸಾವು ತರುವ ಅಪಘಾತದ ಸಂಭವ ಸುಮಾರು 4% ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಟಿನಲ್ಲಿ ಕೂತವರಿಗೆ ಆ ವ್ಯತ್ಯಾಸ ಮೈಗೆ ತಾಗುವುದೇ ಇಲ್ಲ.

ಡ್ರೈವರ್ ಕಣ್ಣಿಗೆ ಬೀಳದ ಅಪಾಯ ಹೆಚ್ಚಾಗಿ ಎಲ್ಲಿರುತ್ತದೆ?

ನಿಂತ ಬಸ್ಸಿನ ಸುತ್ತ. ಡ್ರೈವರ್‌ಗಳನ್ನು ಅಪಾಯ ಎಲ್ಲಿ ಜಾಸ್ತಿ ಅಂತ ಕೇಳಿದರೆ ಹೆದ್ದಾರಿ, ಘಾಟ್, ರಾತ್ರಿ ಮಳೆ ಅನ್ನುತ್ತಾರೆ. ಸ್ಟಾಪಿನ ಹೆಸರು ಹೇಳುವವರು ಕಡಿಮೆ. ಅಲ್ಲಿ ವೇಗವೇ ಇಲ್ಲವಲ್ಲ!

ಒಂದು ಸ್ಟಾಪಿನಿಂದ ಬಸ್ ಹೊರಡುವ ಹತ್ತು ಸೆಕೆಂಡ್ ನೋಡಿ. ಬಾಗಿಲು ಮುಚ್ಚಿತು, ಕಂಡಕ್ಟರ್ ರೈಟ್ ಅಂದರು. ಡ್ರೈವರ್ ಕಣ್ಣು ರಸ್ತೆ ಕಡೆಯ ಕನ್ನಡಿಯಲ್ಲಿದೆ, ಹಿಂದಿನಿಂದ ಬರುವ ಗಾಡಿಗಳ ನಡುವೆ ಸಂದು ಹುಡುಕುತ್ತಿದೆ. ಅಷ್ಟರಲ್ಲಿ ಇಳಿದವರೊಬ್ಬರು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಲು ಹೊರಡುತ್ತಾರೆ. ದೊಡ್ಡವರಾದರೆ ಗಾಜಿನಲ್ಲಿ ತಲೆ ಕಾಣುತ್ತದೆ. ಮಗುವಾದರೆ, ಅಥವಾ ಬಿದ್ದ ಚಪ್ಪಲಿ ಎತ್ತಿಕೊಳ್ಳಲು ಬಾಗಿದ್ದರೆ, ಬಂಪರ್ ಮುಂದೆ ಯಾರೂ ಇಲ್ಲ ಅನ್ನಿಸುತ್ತದೆ. ಬಾಗಿಲಿನ ಕಡೆಯ ಸಂದಿನಲ್ಲಿ ಬೈಕ್ ನುಗ್ಗುತ್ತದೆ. ಓಡಿ ಬಂದವರೊಬ್ಬರು ಬಾಗಿಲ ಕಂಬಿಗೆ ಕೈ ಹಾಕುತ್ತಾರೆ. ಡ್ರೈವರ್ ಸ್ಟೇರಿಂಗ್ ರಸ್ತೆ ಕಡೆ ತಿರುಗಿಸುತ್ತಾರೆ. ಸುಮಾರು 12 ಮೀಟರ್ ಉದ್ದದ ಬಸ್ಸಿನ ಮೂತಿ ರಸ್ತೆ ಕಡೆ ಹೋದಾಗ, ಹಿಂದಿನ ಚಕ್ರದಿಂದ ಆಚೆ ಚಾಚಿಕೊಂಡ ಬಾಲ ಫುಟ್‌ಪಾತ್ ಕಡೆಗೆ ಬೀಸುತ್ತದೆ. ಅಲ್ಲಿ ನಿಂತವರಿಗೂ ಇದು ಗೊತ್ತಿರುವುದಿಲ್ಲ.

ಇನ್ನೊಂದು ಮೋಸದ ಜಾಗ ಮುಂದಿನ ಗಾಜಿನ ಪಕ್ಕದ ಕಂಬ ಮತ್ತು ಕನ್ನಡಿ. ತಿರುವು ತೆಗೆದುಕೊಳ್ಳುವಾಗ ನಡೆದು ದಾಟುವವರು ಆ ಕಂಬದ ಹಿಂದೆ ಮರೆಯಾಗುತ್ತಾರೆ. ಬಸ್ ತಿರುಗುವ ವೇಗಕ್ಕೂ ಅವರ ನಡಿಗೆಗೂ ಹೊಂದಿಕೆಯಾದರೆ ಕೊನೆಯವರೆಗೂ ಮರೆಯಲ್ಲೇ ಇರುತ್ತಾರೆ. ಅದಕ್ಕೇ ಒಳ್ಳೆಯ ತರಬೇತಿಯಲ್ಲಿ ಸೀಟಿನಲ್ಲೇ ಮುಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ ನೋಡಲು ಕಲಿಸುತ್ತಾರೆ. ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಹಾಗೆ ವಾಲುವ ಡ್ರೈವರ್ ಕಂಡರೆ ನನಗೆ ತುಂಬ ಗೌರವ.

ಡ್ರೈವರ್‌ಗಳಿಗೆ ನಿಜವಾಗಿ ಯಾರ ಮೇಲೆ ಸಿಟ್ಟು, ಯಾರ ಬಗ್ಗೆ ಭಯ?

ಬೇರೆಯವರ ಬಗ್ಗೆ. ಸಂದಿನಲ್ಲಿ ನುಗ್ಗುವ ಬೈಕ್, ಇಂಡಿಕೇಟರ್ ಹಾಕದ ಆಟೋ, ಹೈ ಬೀಮ್ ಇಳಿಸದ ಲಾರಿ, ಫೋನ್ ನೋಡುತ್ತಾ ರಸ್ತೆಗಿಳಿಯುವ ಜನ. ಈ ದೂರುಗಳು ಸುಳ್ಳಲ್ಲ. ಆದರೆ ಅಪಾಯವೆಲ್ಲ ಹೊರಗಿನಿಂದಲೇ ಬರುತ್ತದೆ ಅಂದುಕೊಂಡರೆ ತನ್ನ ಕೈಯಲ್ಲಿರುವುದು ಮರೆತುಹೋಗುತ್ತದೆ: ಮುಂದಿನ ಗಾಡಿಗೆ ಬಿಟ್ಟ ಅಂತರ, ತನ್ನ ವೇಗ, ನಿನ್ನೆಯ ನಿದ್ದೆ. ಬೈಕಿನವನು ನುಗ್ಗುತ್ತಾನೆ ಅಂತ ಮೊದಲೇ ಗೊತ್ತಿದ್ದರೆ ಆ ಜಾಗ ಬಿಟ್ಟೇ ಓಡಿಸಬಹುದಲ್ಲ.

ಅಪಾಯ ಅಂತ ಗೊತ್ತಿದ್ದೂ ಯಾಕೆ ಓವರ್‌ಟೇಕ್ ಮಾಡುತ್ತಾರೆ?

ನನ್ನ ಮಟ್ಟಿಗೆ ಈ ಪುಟದ ಮುಖ್ಯ ಪ್ರಶ್ನೆ ಇದು.

ಅಪಘಾತ ಆಗುವುದೋ ಇಲ್ಲವೋ ಗೊತ್ತಿಲ್ಲ. ಆದರೆ ಲೇಟಾದರೆ ಏನಾಗುತ್ತದೆ ಅನ್ನುವುದು ಖಚಿತವಾಗಿ ಗೊತ್ತು. ಪ್ರಯಾಣಿಕರು ಬೈಯುತ್ತಾರೆ. ಟರ್ಮಿನಸ್ಸಿನಲ್ಲಿ ಊಟಕ್ಕೆ, ಶೌಚಕ್ಕೆ ಸಿಗಬೇಕಾದ ಹತ್ತು ನಿಮಿಷ ಹೋಗುತ್ತದೆ. ಮುಂದಿನ ಟ್ರಿಪ್ ತಪ್ಪುತ್ತದೆ. ಮೇಲಿನವರು ಮೆಮೊ ಕೊಡಬಹುದು. ಟಿಕೆಟ್ ಗಳಿಕೆಯ ಮೇಲೆ ಸಂಬಳ ಇರುವ ಕಡೆ ಹಿಂದಿನ ಬಸ್ ಮುಂದೆ ಹೋದರೆ ಆ ದಿನದ ದುಡಿಮೆಯೇ ಹೋಯಿತು. ಒಂದು ಕಡೆ ಅಪರೂಪದ, ದೂರದ, ದೊಡ್ಡ ನಷ್ಟ. ಇನ್ನೊಂದು ಕಡೆ ಇವತ್ತೇ ಆಗುವ, ಖಚಿತವಾದ, ಸಣ್ಣ ನಷ್ಟ. ಮನುಷ್ಯನ ಮನಸ್ಸು ಎರಡನೆಯದನ್ನೇ ತಪ್ಪಿಸಲು ಹೊರಡುತ್ತದೆ.

ಹಾಗೆ ಮಾಡಿದ್ದಕ್ಕೆ ಸಿಗುವುದೆಷ್ಟು? 60ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ದಾಟಬೇಕು ಅಂದುಕೊಳ್ಳಿ. ಎರಡೂ ಗಾಡಿಗಳ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಸೇರಿಸಿದರೆ ಬಸ್ ಲಾರಿಗಿಂತ ಸುಮಾರು 60 ಮೀಟರ್ ಹೆಚ್ಚು ಓಡಬೇಕು. ಅದಕ್ಕೆ 11 ಸೆಕೆಂಡ್ ಹತ್ತಿರ ಹಿಡಿಯುತ್ತದೆ. ಅಷ್ಟರಲ್ಲಿ ಬಸ್ 240 ಮೀಟರ್ ಹೋಗಿರುತ್ತದೆ. ಎದುರಿನಿಂದ 80ರಲ್ಲೇ ಬರುವ ಗಾಡಿಯೂ 240 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಅರ್ಧ ಕಿಲೋಮೀಟರ್ ಖಾಲಿ ರಸ್ತೆ ಬೇಕು. ಕತ್ತಲಲ್ಲಿ, ತಿರುವಿನಲ್ಲಿ, ಏರಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ. ಇಷ್ಟು ಮಾಡಿ, ಮುಂದಿನ 10 ಕಿ.ಮೀ. ಪೂರ್ತಿ 80ರಲ್ಲೇ ಹೋದರೂ ಉಳಿಯುವುದು ಎರಡೂವರೆ ನಿಮಿಷ.

ಆ ಎರಡೂವರೆ ನಿಮಿಷವನ್ನು ಡ್ರೈವರ್ ರಸ್ತೆಯಲ್ಲಿ ಹುಡುಕುವ ಹಾಗೆ ಮಾಡುವುದು ಶೆಡ್ಯೂಲ್ ಹಾಕುವವರು. ಟ್ರಾಫಿಕ್ ಇಲ್ಲದ ಬೆಳಗಿನ ರನ್ನಿಂಗ್ ಟೈಮನ್ನೇ ಸಂಜೆ ಟ್ರಿಪ್ಪಿಗೂ ಕೊಟ್ಟು, ಆಮೇಲೆ ಗೋಡೆ ಮೇಲೆ "ಅವಸರವೇ ಅಪಘಾತಕ್ಕೆ ಕಾರಣ" ಅಂತ ಬೋರ್ಡ್ ಹಾಕಿದರೆ ಏನು ಪ್ರಯೋಜನ? ಡ್ರೈವರ್‌ಗೆ ಅಪಾಯದ ಬಗ್ಗೆ ಪಾಠ ಮಾಡುವ ಮೊದಲು ಟೈಮ್ ಶೀಟ್ ಸರಿ ಮಾಡಬೇಕು. ಇದನ್ನು ನಾನು ಬಲವಾಗಿ ನಂಬುತ್ತೇನೆ.

ನಿದ್ದೆ ಬಂದರೆ ಅವರಿಗೇ ಗೊತ್ತಾಗುವುದಿಲ್ವಾ?

ನಿದ್ದೆ ಬರುತ್ತಿದೆ ಅಂತ ಗೊತ್ತಾಗುತ್ತದೆ. ಯಾವ ಕ್ಷಣ ಕಣ್ಣು ಮುಚ್ಚಿತು ಅನ್ನುವುದು ಗೊತ್ತಾಗುವುದಿಲ್ಲ. "ಇನ್ನು ಸ್ವಲ್ಪ ದೂರ ತಾನೆ" ಅನ್ನುವುದು ಆ ಹೊತ್ತಿನ ಮಾತು. ಸುಸ್ತಾದ ಮಿದುಳು ತನ್ನ ಸುಸ್ತನ್ನೇ ಸರಿಯಾಗಿ ಅಳೆಯಲಾರದು. 80ರ ವೇಗದಲ್ಲಿ ನಾಲ್ಕು ಸೆಕೆಂಡ್ ತೂಕಡಿಸಿದರೆ ಬಸ್ ಸುಮಾರು 90 ಮೀಟರ್ ಡ್ರೈವರ್ ಇಲ್ಲದೆ ಓಡಿದ ಹಾಗೆ.

ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ತೋರಿಸಿದ ಹಾಗೆ, 17 ಗಂಟೆ ಸತತ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಹಲವು ದೇಶಗಳಲ್ಲಿ ಆ ಮಟ್ಟದಲ್ಲಿ ಗಾಡಿ ಓಡಿಸುವುದು ಅಪರಾಧ. ಕುಡಿದವರನ್ನು ಡ್ಯೂಟಿಗೆ ಬಿಡುವುದಿಲ್ಲ. ಡಬಲ್ ಡ್ಯೂಟಿ ಮಾಡಿದವರನ್ನು ಮಾತ್ರ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಕಳಿಸುತ್ತೇವೆ. ಬೆಳಗಿನ ಜಾವ 2ರಿಂದ 6 ಗಂಟೆ ದೇಹ ತೀರ ಕೆಳಗಿಳಿಯುವ ಹೊತ್ತು, ಮಧ್ಯಾಹ್ನ ಊಟದ ನಂತರ ಇನ್ನೊಂದು ಚಿಕ್ಕ ಇಳಿತ. ಕಿಟಕಿ ತೆರೆಯುವುದು, ಹಾಡು ಹಾಕುವುದು ಸ್ವಲ್ಪ ಹೊತ್ತಿಗಷ್ಟೇ. ಬಸ್ ನಿಲ್ಲಿಸಿ 15-20 ನಿಮಿಷ ಮಲಗುವುದು, ಅದಕ್ಕೆ ಮೊದಲು ಒಂದು ಕಾಫಿ ಕುಡಿಯುವುದು ಅದಕ್ಕಿಂತ ಎಷ್ಟೋ ಮೇಲು. ಆದರೆ ನಿಲ್ಲಿಸಿದ ಡ್ರೈವರ್‌ಗೆ ಯಾರೂ ಬೈಯಬಾರದು, ಅದೇ ಕಷ್ಟ. ಯುರೋಪಿಯನ್ ಒಕ್ಕೂಟದಲ್ಲಿ ದೂರದ ಬಸ್‌ಗಳಿಗೆ ಇದು ನಿಯಮವೇ ಆಗಿದೆ: ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು.

ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ), ಕ್ಯಾಮೆರಾ, ಅಲಾರಂ ಎಲ್ಲ ಬಂದ ಮೇಲೆ ಅಪಾಯ ಕಡಿಮೆ ಆಗುತ್ತಾ?

ಆಗುತ್ತದೆ, ಆದರೆ ಕಾಗದದ ಮೇಲಿನಷ್ಟು ಅಲ್ಲ. ಕೆನಡಾದ ಜೆರಾಲ್ಡ್ ವೈಲ್ಡ್ 1982ರಲ್ಲಿ ಒಂದು ವಾದ ಮುಂದಿಟ್ಟರು: ಪ್ರತಿಯೊಬ್ಬರೂ ತಮಗೆ ಒಪ್ಪುವಷ್ಟು ಅಪಾಯವನ್ನು ಇಟ್ಟುಕೊಂಡೇ ಓಡಿಸುತ್ತಾರೆ; ಗಾಡಿ ಸುರಕ್ಷಿತವಾದರೆ ಆ ಉಳಿತಾಯವನ್ನು ವೇಗಕ್ಕೆ ಖರ್ಚು ಮಾಡುತ್ತಾರೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1980ರ ದಶಕದಲ್ಲಿ ಟ್ಯಾಕ್ಸಿಗಳನ್ನು ಗಮನಿಸಿದಾಗ, ಎಬಿಎಸ್ ಇದ್ದವುಗಳಿಗೆ ಅಪಘಾತ ಕಡಿಮೆ ಆಗಿರಲಿಲ್ಲ. ವೈಲ್ಡ್ ಹೇಳಿದಷ್ಟು ಪೂರ್ತಿ ಸರಿದೂಗುತ್ತದೆ ಅನ್ನುವುದನ್ನು ಬಹಳ ಜನ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಸೀಟ್ ಬೆಲ್ಟ್ ಜೀವ ಉಳಿಸಿದ್ದು ಕಣ್ಣೆದುರಿಗೇ ಇದೆ.

ಇದರ ಇನ್ನೊಂದು ಮಗ್ಗುಲೂ ಇದೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶ ಇಡೀ ಸಂಚಾರವನ್ನು ರಸ್ತೆಯ ಎಡದಿಂದ ಬಲಕ್ಕೆ ಬದಲಿಸಿತು. ಗಲಾಟೆ ಆಗುತ್ತದೆ, ಅಪಘಾತ ಹೆಚ್ಚುತ್ತದೆ ಅಂತ ಎಲ್ಲರಿಗೂ ದಿಗಿಲು. ಆದದ್ದು ಉಲ್ಟಾ, ಅಪಘಾತ ಕಡಿಮೆಯಾಯಿತು. ಎಲ್ಲರೂ ಮೈಯೆಲ್ಲ ಕಣ್ಣಾಗಿ ಓಡಿಸಿದ್ದರು. ಹೊಸ ಪದ್ಧತಿ ರೂಢಿಯಾಗುತ್ತಿದ್ದ ಹಾಗೆ, ಸುಮಾರು ಎರಡು ವರ್ಷದಲ್ಲಿ ಸಂಖ್ಯೆ ಮತ್ತೆ ಹಳೆಯ ಮಟ್ಟಕ್ಕೆ ಬಂತು.

"ಹಣೆಯಲ್ಲಿ ಬರೆದದ್ದು ಆಗುತ್ತೆ" ಅನ್ನುವ ಡ್ರೈವರ್‌ಗೆ ಏನು ಹೇಳುವುದು?

ವಾದ ಮಾಡಬೇಡಿ. ದಿನವೂ ಅಪಾಯದ ಎದುರು ಕೂರುವವರಿಗೆ ಅದು ಮನಸ್ಸಿಗೊಂದು ಆಸರೆ. ಟೈರ್ ನೋಡಿದಿರಾ, ಬ್ರೇಕ್ ಒತ್ತಿ ನೋಡಿದಿರಾ, ಕನ್ನಡಿ ಸರಿ ಮಾಡಿಕೊಂಡಿರಾ ಅಂತ ಕೇಳಿ. ನಂಬಿಕೆ ಅವರದ್ದು ಅವರಿಗಿರಲಿ, ಇವು ತಪ್ಪದಿರಲಿ.

ಸ್ವಲ್ಪದರಲ್ಲೇ ತಪ್ಪಿದ ಘಟನೆಗಳಿಗೆ ಇಷ್ಟು ಮಹತ್ವ ಯಾಕೆ?

ಏನೂ ಆಗದ ದಿನ ಕಲಿಸಿದ ತಪ್ಪು ಪಾಠವನ್ನು ತಿದ್ದುವ ಶಕ್ತಿ ಇರುವುದು ಅವಕ್ಕೇ. ಎದುರಿನ ಲಾರಿ ಕನ್ನಡಿ ಸವರಿಕೊಂಡು ಹೋದಾಗ ಕೈ ನಡುಗುತ್ತದೆ, ಎರಡು ದಿನ ಎಚ್ಚರ ಇರುತ್ತದೆ, ಆಮೇಲೆ ಮರೆತುಹೋಗುತ್ತದೆ. ಆ ಎರಡು ದಿನದೊಳಗೆ ಅದನ್ನು ಡಿಪೋದಲ್ಲಿ ಹೇಳಿಕೊಂಡರೆ ಆ ತಿರುವು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಹೇಳಿದವರಿಗೇ ಶಿಕ್ಷೆ ಅಂದರೆ ಯಾರು ಬಾಯಿ ಬಿಡುತ್ತಾರೆ? ವಿಮಾನ ರಂಗದಲ್ಲಿ ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡರು. ಅಮೆರಿಕದಲ್ಲಿ 1976ರಿಂದ ನಾಸಾ ಸಂಸ್ಥೆ ಪೈಲಟ್‌ಗಳಿಂದ ಇಂಥ ವರದಿಗಳನ್ನು ಹೆಸರು ಗುಟ್ಟಾಗಿಟ್ಟು ಪಡೆಯುತ್ತಿದೆ. ಬಸ್ ಡಿಪೋಗಳಲ್ಲೂ ಇದಾಗಬೇಕು. ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ರೂಟಿನ ನಕ್ಷೆ ಗೋಡೆಗೆ ಅಂಟಿಸಿ, ಹೆಸರು ಬರೆಯದೆ ಪಿನ್ ಚುಚ್ಚಲು ಬಿಟ್ಟರೆ ಸಾಕು. ಒಂದೇ ಜಾಗದಲ್ಲಿ ಪಿನ್ ಒಟ್ಟಾದರೆ ತಪ್ಪು ಡ್ರೈವರದ್ದಷ್ಟೇ ಅಲ್ಲ, ರಸ್ತೆಯದ್ದೂ ಇರಬಹುದು.

ಹೊಸ ಡ್ರೈವರ್‌ಗೆ ಅಪಾಯ ನೋಡುವುದನ್ನು ಕಲಿಸಬಹುದಾ?

ಕಲಿಸಬಹುದು. ಬ್ರಿಟನ್ನಿನಲ್ಲಿ 2002ರಿಂದ ಲೈಸೆನ್ಸ್ ಪರೀಕ್ಷೆಯಲ್ಲೇ ವಿಡಿಯೋ ತೋರಿಸಿ, ಅಪಾಯ ರೂಪುಗೊಳ್ಳುವುದನ್ನು ಎಷ್ಟು ಬೇಗ ಗುರುತಿಸುತ್ತಾರೆ ಅಂತ ನೋಡುತ್ತಾರೆ. ಖರ್ಚಿಲ್ಲದ ದಾರಿಯೂ ಇದೆ: ಓಡಿಸುತ್ತಾ ಕಂಡದ್ದನ್ನು ಗಟ್ಟಿಯಾಗಿ ಹೇಳುವುದು. "ಎಡಕ್ಕೆ ಶಾಲೆ ಗೇಟ್, ಮಕ್ಕಳಿದ್ದಾರೆ. ಮುಂದಿನ ಆಟೋ ನಿಧಾನ ಆಯ್ತು, ಯಾರನ್ನೋ ಹತ್ತಿಸ್ಕೊಳ್ತಾನೆ. ಕನ್ನಡಿಯಲ್ಲಿ ಬೈಕ್." ಪಕ್ಕದಲ್ಲಿ ಕೂತ ಹಿರಿಯ ಡ್ರೈವರ್ "ಆ ನೀರಿನ ಕೊಡದವರನ್ನು ನೋಡ್ಲಿಲ್ವಲ್ಲ" ಅಂತ ಸೇರಿಸುತ್ತಾರೆ. ಹಿರಿಯರಿಗೂ ಇದನ್ನು ಆಗಾಗ ಮಾಡಿಸಬೇಕು, ಬಾಯಿಪಾಠವಾದ ರೂಟಿನಲ್ಲಿ ಕಣ್ಣು ಮತ್ತೆ ತೆರೆಯುತ್ತದೆ.

ಪ್ರಯಾಣಿಕರು ಏನು ಮಾಡಬಹುದು?

ಲೇಟ್ ಆಯ್ತು ಅಂತ ಡ್ರೈವರ್ ಹಿಂದೆ ನಿಂತು ಗೊಣಗಬೇಡಿ. ಓಡುವಾಗ ಮಾತಿಗೆ ಎಳೆಯಬೇಡಿ. ಅವರು ಫೋನ್ ಹಿಡಿದರೆ ಮಾತ್ರ ಮರ್ಯಾದೆಯಿಂದ, ಸ್ಪಷ್ಟವಾಗಿ ಬೇಡ ಅನ್ನಿ. ಫೋನ್ ಬಳಸುತ್ತಾ ಓಡಿಸಿದರೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇಳಿದ ಮೇಲೆ ಬಸ್ ಹೋಗುವ ತನಕ ಕಾದು ರಸ್ತೆ ದಾಟಿ.

ಅಪಘಾತ ಆದ ಡ್ರೈವರ್ ಮತ್ತೆ ಸ್ಟೇರಿಂಗ್ ಹಿಡಿದಾಗ ಏನಾಗುತ್ತದೆ?

ಕೆಲವರಿಗೆ ಅಪಾಯ ಎಲ್ಲೆಲ್ಲೂ ಕಾಣುತ್ತದೆ. ಅದೇ ಜಾಗ ಬಂದಾಗ ಬೆವರುತ್ತಾರೆ, ಬೇಡದ ಕಡೆ ಬ್ರೇಕ್ ಹಾಕುತ್ತಾರೆ, ರಾತ್ರಿ ನಿದ್ದೆ ಬರುವುದಿಲ್ಲ. ತಮ್ಮ ತಪ್ಪೇ ಇಲ್ಲದಿದ್ದರೂ ಹೀಗಾಗುತ್ತದೆ. ಇನ್ನು ಕೆಲವರು ಏನೂ ಆಗಿಲ್ಲವೆಂಬಂತೆ ಇರುತ್ತಾರೆ, ಅವರ ಬಗ್ಗೆಯೂ ಗಮನ ಬೇಕು. ವಿಚಾರಣೆ ಮುಗಿಯಿತು, ನಾಳೆಯಿಂದ ಡ್ಯೂಟಿ ಅನ್ನುವುದು ಸರಿಯಲ್ಲ. ಮೊದಲು ಡಾಕ್ಟರ್ ಅಥವಾ ಆಪ್ತ ಸಲಹೆಗಾರರ ಹತ್ತಿರ ಮಾತು. ಆಮೇಲೆ ಒಂದಿಷ್ಟು ದಿನ ಪ್ರಯಾಣಿಕರಿಲ್ಲದ ಬಸ್, ಪಕ್ಕದಲ್ಲೊಬ್ಬ ನಂಬಿಕೆಯ ಜೊತೆಗಾರ. ಬಳಿಕ ಹಗಲಿನ, ಚಿಕ್ಕ, ಬೇರೆ ರೂಟು. ಹಳೆಯ ರೂಟಿಗೆ ಯಾವಾಗ ಮರಳಬೇಕು ಅನ್ನುವುದನ್ನು ಅವರನ್ನು ಕೇಳಿಯೇ ನಿರ್ಧರಿಸಬೇಕು.